ಹಾಡು ಕಟ್ಟಿದವರು, ಕೊರಳು ಕೂಡಿಸಿದವರು

ರಾಜ್ಯೋತ್ಸವದ ದಿನ ದೀಪ ಹಚ್ಚಿ, ಭುವನೇಶ್ವರಿಯ ಪಟಕ್ಕೆ ಮಾಲೆ ಹಾಕಿ, ನಾವೆಲ್ಲರೂ ಎದ್ದು ನಿಂತು ಹಾಡುತ್ತೇವೆ. ಹಾಡಿದವರಿಗೆ ಚಪ್ಪಾಳೆ ಸಲ್ಲುತ್ತದೆ. ಬರೆದ ಕವಿಯ ಹೆಸರೂ ಒಮ್ಮೊಮ್ಮೆ ಕೇಳಿಬರುತ್ತದೆ. ಆದರೆ ಕಾಗದದ ಮೇಲಿದ್ದ ಹಾಡು ಹತ್ತು ಜನರ ಕೊರಳಿಗೆ ಹೇಗೆ ಹತ್ತಿತೆಂಬುದನ್ನು ನಾವು ವಿಚಾರಿಸುವುದು ಕಡಮೆ. ಆ ಕಥೆಯನ್ನು ತಿಳಿಯಲು ಗದಗಿಗೆ ಹೋಗಬೇಕು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಮಾತು. ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಇಲಾಖೆಗೆ ಸೇರಿದ್ದ ಕಾಲವದು. ಊರೂರಿಗೆ ಮರಾಠಿ ನಾಟಕ ಮಂಡಳಿಗಳು ಬರುತ್ತಿದ್ದವು; ಕನ್ನಡಿಗರೇ ಟಿಕೆಟು ಕೊಂಡು ಮರಾಠಿ ಪದಗಳಿಗೆ ತಲೆದೂಗುತ್ತಿದ್ದರು. ಇದರಲ್ಲೊಂದು ವಿಚಿತ್ರವುಂಟು. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ಆಡಿಸಿದ ‘ಸೀತಾ ಸ್ವಯಂವರ’ಕ್ಕೆ ಪ್ರೇರಣೆಯಾದದ್ದು ಉತ್ತರ ಕನ್ನಡದಿಂದ ಅಲ್ಲಿಗೆ ಹೋಗಿದ್ದ ಯಕ್ಷಗಾನದ ಮೇಳ. ನಾವು ಕೊಟ್ಟ ಬೀಜವನ್ನು ನೆರೆಯವರು ಬಿತ್ತಿ ಬೆಳೆದರು. ನಮ್ಮ ಹೊಲ ಮಾತ್ರ ಬೀಳುಬಿದ್ದಿತ್ತು. ಅದಕ್ಕೆ ನೆರೆಯವರನ್ನು ದೂರಿ ಫಲವಿಲ್ಲ.

ಹಾಗೆ ದೂರುತ್ತ ಕೂಡದೆ ಕೆಲಸಕ್ಕೆ ತೊಡಗಿದವರು ಸಕ್ಕರಿ ಬಾಳಾಚಾರ್ಯರು. 1856ರಲ್ಲಿ ಹುಟ್ಟಿದ ಇವರು ವೃತ್ತಿಯಿಂದ ಕನ್ನಡ ಶಾಲೆಯ ಮಾಸ್ತರರು, ಬರೆಯುವಾಗ ‘ಶಾಂತಕವಿ’. ಸ್ವತಃ ನಾಟಕ ಬರೆದರು, ಅದಕ್ಕೆ ಹಾಡು ಕಟ್ಟಿದರು. ಆದರೆ ಒಬ್ಬನೇ ನಾಟಕವಾಡಲು ಬರುವುದೆ? 1870ರ ದಶಕದಲ್ಲಿ ಗದಗಿನಲ್ಲಿ ಜತೆಗಾರರನ್ನು ಕೂಡಿಸಿ ಮಂಡಳಿಯೊಂದನ್ನು ಕಟ್ಟಿದರು. ಊರಿನ ದೇವರಾದ ವೀರನಾರಾಯಣನ ಹೆಸರು, ಊರಿನ ಹಳೆಯ ಹೆಸರಾದ ಕೃತಪುರ, ಎರಡೂ ಆ ಮಂಡಳಿಯ ಹೆಸರಿನಲ್ಲಿ ಸೇರಿದವು. ‘ಉಷಾಹರಣ’ ರಂಗಕ್ಕೆ ಬಂದಿತು. ಗದಗಿನ ಜನ ತಮ್ಮ ಭಾಷೆಯ ಪದಗಳನ್ನು ರಂಗದ ಮೇಲಿಂದ ಕೇಳಿದರು. ನಾಟಕದಾಚೆಗೂ ಶಾಂತಕವಿಗಳು ಕನ್ನಡದಲ್ಲಿ ಕೀರ್ತನೆ ಮಾಡಿದರು. ‘ರಕ್ಷಿಸು ಕರ್ನಾಟಕ ದೇವಿ’ ಎಂಬ ಅವರ ಹಾಡು ಸಭೆಗಳಲ್ಲಿ ಮೊಳಗಿತು. 1920ರಲ್ಲಿ ಅವರು ತೀರಿಕೊಂಡಾಗ ಕನ್ನಡನಾಡು ಇನ್ನೂ ಚೂರುಚೂರಾಗಿಯೇ ಇತ್ತು.

ಅದೇ ಗದಗಿನಲ್ಲಿ ಎರಡನೆಯ ತಲೆಮಾರು ಸಿದ್ಧವಾಗುತ್ತಲಿತ್ತು. 1884ರಲ್ಲಿ ಜನಿಸಿದ ಹುಯಿಲಗೋಳ ನಾರಾಯಣರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು, ಕಾನೂನಿಗಾಗಿ ಮುಂಬಯಿಯನ್ನು ಕಂಡರು. ಪರಭಾಷೆಯ ಪಟ್ಟಣದಲ್ಲಿ ಇದ್ದು ಬಂದವರಿಗೆ ಸ್ವಭಾಷೆಯ ರುಚಿ ಹೆಚ್ಚೆಂಬುದನ್ನು ನಮ್ಮಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗದಗಿಗೆ ಮರಳಿ ವಕೀಲಿ ಹೂಡಿದರು. ಹಗಲು ಕೋರ್ಟಿನ ಕಾಗದ, ಬಿಡುವಿನಲ್ಲಿ ನಾಟಕದ ಹಾಡು. ‘ವಜ್ರಮುಕುಟ’, ‘ಪತಿತೋದ್ಧಾರ’ ಮೊದಲಾದ ನಾಟಕಗಳು ಹೀಗೆ ಹುಟ್ಟಿದವು. ಇವರಿಗೆ ದೊರೆತ ಜತೆಗಾರರು ಯಾರು ಗೊತ್ತೆ? ಊರಿನ ಫುಟ್‌ಬಾಲ್ ಕ್ಲಬ್ಬಿನ ತರುಣರು! ಚೆಂಡಾಟಕ್ಕೆ ಕೂಡಿದ ಹುಡುಗರೇ ಬಣ್ಣ ಹಚ್ಚಿ, ಪದ ಕಲಿತು, ರಂಗವೇರಿದರು. ಕಂಪನಿಯ ಸಂಬಳಗಾರರಲ್ಲ, ಎಲ್ಲರೂ ಹವ್ಯಾಸಿಗಳು.

ಊರೊಳಗೆ ಹೀಗೆ ಪಳಗಿದ ಲೇಖನಿಯಿಂದಲೇ ‘ಉದಯವಾಗಲಿ’ ಎಂದು ಮೊದಲಾಗುವ ಆ ಗೀತೆ ಮೂಡಿತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಕೂಡಿತು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನವದು. ಸಭಾನಗರಕ್ಕೆ ವಿಜಯನಗರವೆಂದು ಹೆಸರು. ಅದೇ ಸಂದರ್ಭದಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ಅಲ್ಲಿ ನೆರೆಯಿತು. ಆಗ ಬೆಳಗಾವಿಯಲ್ಲಿ ನಾರಾಯಣರಾಯರ ಗೀತೆ ಮೊಳಗಿತು. ಅಧಿವೇಶನದಲ್ಲಿ ಹಾಡಿದ ಬಾಲಕಿಯರಲ್ಲಿ 11 ವರುಷದ ಒಬ್ಬಳಿದ್ದಳು; ಮುಂದೆ ನಾಡೆಲ್ಲ ಮನ್ನಿಸಿದ ಗಂಗೂಬಾಯಿ ಹಾನಗಲ್ ಅವಳೇ. ಅಲ್ಲಿಂದ ಮುಂದೆ ಏಕೀಕರಣದ ಸಭೆ ಎಂದರೆ ಆ ಹಾಡು ಇರಲೇಬೇಕು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ನಾರಾಯಣರಾಯರು ಅದನ್ನು ಕಣ್ಣಾರೆ ಕಂಡರು. 1971ರಲ್ಲಿ ಅವರು ತೀರಿಕೊಂಡರು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದನ್ನು ನೋಡಲು ಅವರಿರಲಿಲ್ಲ. 2004ರಲ್ಲಿ ಕುವೆಂಪು ಅವರ ಗೀತೆ ಅಧಿಕೃತ ನಾಡಗೀತೆಯಾಯಿತು. ಆದರೂ ಗದಗಿನ ವಕೀಲರ ಹಾಡು ಜನರ ಬಾಯಿಂದ ಇಳಿದಿಲ್ಲ.

ಒಬ್ಬರು ಮಾಸ್ತರರು, ಒಬ್ಬರು ವಕೀಲರು. ರಾಜಾಶ್ರಯವಿರಲಿಲ್ಲ, ದೊಡ್ಡ ಪಟ್ಟಣದ ರಂಗಮಂದಿರವಿರಲಿಲ್ಲ. ಹಾಡು ಬರೆದು ಪೆಟ್ಟಿಗೆಯಲ್ಲಿಟ್ಟಿದ್ದರೆ ಅವು ಗೆದ್ದಲಿಗೆ ಆಹಾರವಾಗುತ್ತಿದ್ದವು. ನೆರೆಹೊರೆಯ ನಾಲ್ಕು ಕೊರಳು ಕೂಡಿದ್ದರಿಂದಲೇ ಅವು ಬದುಕಿದವು.

ಪರಊರಿನಲ್ಲಿರುವ ನಮಗೆ ಈ ಮಾತು ಹೆಚ್ಚು ನಾಟಬೇಕು. ನಮ್ಮ ಮಕ್ಕಳು ಕನ್ನಡದ ಹಾಡನ್ನು ಬೇರೆ ಲಿಪಿಯಲ್ಲಿ ಬರೆದುಕೊಂಡು ಕಲಿಯುತ್ತಾರೆ. ಅರ್ಥವನ್ನು ಅಜ್ಜಿಯ ಹತ್ತಿರ ಕೇಳುತ್ತಾರೆ. ಅಜ್ಜಿಯಿಲ್ಲದ ಮನೆಯಲ್ಲಿ ಕೇಳುವುದೂ ಇಲ್ಲ. ಅವರಿಗೆ ಭಾಷೆ ಪುಸ್ತಕದಿಂದ ಹತ್ತುವುದಕ್ಕಿಂತ ಮೊದಲು ಜತೆಗಾರರಿಂದ ಹತ್ತುತ್ತದೆ. ನಮ್ಮ ಸಂಘದಲ್ಲಿಯೂ ಆಫೀಸಿನಿಂದ ಬಂದು ಗುಟ್ಟಾಗಿ ಹಾಡು ಬರೆಯುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಬರುವ ರಾಜ್ಯೋತ್ಸವಕ್ಕೆ ಅವರನ್ನು ಸಂಕೋಚ ಬಿಡಿಸಿ ಕರೆಯೋಣ. ಪೇಟಿ ಬಾರಿಸುವವರೊಬ್ಬರು, ತಬಲೆಯವರೊಬ್ಬರು, ಹಾಡುವ ಮಕ್ಕಳು ನಾಲ್ವರು ಸಿಕ್ಕಿದರೆ ಸಾಕು. ಗದಗಿನಲ್ಲಿಯೂ ಕೆಲಸ ಇಷ್ಟರಿಂದಲೇ ಮೊದಲಾಗಿತ್ತು.