ಮಹಾವೀರಾಚಾರ್ಯರ ಅಂಕಿಹಾರಗಳು

ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಕೆಲವು ವಿಲಕ್ಷಣ ಗುಣಾಕಾರಗಳಿವೆ. 142857143ನ್ನು 7ರಿಂದ ಗುಣಿಸಿದರೆ 1000000001. 152207ನ್ನು 73ರಿಂದ ಗುಣಿಸಿದರೆ ಸಾಲಾಗಿ ಎಂಟು ಒಂದುಗಳು. ಯಾವ ತುದಿಯಿಂದ ಓದಿದರೂ ಒಂದೇ ಆಗುವ ಇಂಥ ಉತ್ತರಗಳನ್ನು ಅವರು ಕಂಠಾಭರಣಕ್ಕೆ ಹೋಲಿಸುತ್ತಾರೆ. ಇವನ್ನು ಚಮತ್ಕಾರವೆಂದು ಮೆಚ್ಚಿ ಪುಟ ತಿರುವುವುದು ರೂಢಿ. ನನಗೆ ಇವು ಆ ಕಾಲದ ಲೆಕ್ಕದ ಪಾಠ ಹೇಗೆ ನಡೆಯುತ್ತಿತ್ತೆಂಬುದಕ್ಕೆ ಸಾಕ್ಷಿಯಾಗಿ ಕಾಣುತ್ತವೆ. ಗ್ರಂಥವಿರುವುದು ಸಂಸ್ಕೃತ ಪದ್ಯದಲ್ಲಿ, ಸಂಖ್ಯೆಗಳಿರುವುದು ಪದಗಳಲ್ಲಿ. ‘ನೂರು ಕೋಟಿ ಒಂದು’ ಎಂದು ಬಾಯಲ್ಲಿ ಹೇಳಿದರೆ ಯಾವ ಹಾರವೂ ಕಾಣದು. ಅಂಕಿಯಲ್ಲಿ ಬರೆದಾಗಲೇ ಎರಡು ಒಂದುಗಳ ನಡುವೆ ಎಂಟು ಸೊನ್ನೆಗಳು ಬಂದು ಕೂರುತ್ತವೆ. ಅಂದರೆ ಓದುಗನ ಕೈಯಲ್ಲಿ ಹಲಗೆಯಿದೆ, ಸೊನ್ನೆಗೂ ಒಂದು ಸ್ಥಾನವಿದೆ ಎಂಬುದನ್ನು ಈ ಪದ್ಯಗಳು ಹೇಳದೆಯೇ ನಂಬಿಕೊಂಡಿವೆ.

ಹತ್ತರ ಬದಲು ಬೇರೆ ಆಧಾರದಲ್ಲಿ ಎಣಿಸಿದರೆ ಈ ಸೊಬಗು ಮಾಯವಾಗುತ್ತದೆ, ಹಾಗಾಗಿ ಇದು ಸಂಖ್ಯೆಯ ಗುಣವಲ್ಲ, ಬರವಣಿಗೆಯ ಗುಣ ಎಂದು ಆಕ್ಷೇಪಿಸಬಹುದು. ನಿಜವೇ. ಆದರೆ ಪಾಠಕ್ಕೆ ಬೇಕಾದದ್ದು ಅದೇ. ಮಹಾವೀರಾಚಾರ್ಯರು ಹೇಳುವ ಕಪಾಟಸಂಧಿ ಗುಣಾಕಾರದಲ್ಲಿ ಗುಣಕವನ್ನು ಗುಣ್ಯದ ಮೇಲಿಟ್ಟು ಸರಿಸುತ್ತ, ಹಳೆಯ ಅಂಕಿ ಅಳಿಸಿ ಹೊಸದು ಬರೆಯುತ್ತ ಹೋಗಬೇಕು. ಕೊನೆಗೆ ಉಳಿಯುವುದು ಉತ್ತರವೊಂದೇ. ದಶಕ ಎಲ್ಲಿ ತಪ್ಪಿತೆಂದು ಹಿಂತಿರುಗಿ ನೋಡಲು ಗುರುತೇ ಇರದು. ಅಂಥಲ್ಲಿ ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುವ 12345654321 ಬಂದರೆ ಲೆಕ್ಕ ಸರಿ. ಒಂದಂಕಿ ಕೆಟ್ಟರೂ ಕಣ್ಣಿಗೆ ಚುಚ್ಚುತ್ತದೆ.

ಗುಣಿಸುತ್ತ ಹೋದಾಗ ಅಕಸ್ಮಾತ್ತಾಗಿ ಸಿಕ್ಕವಲ್ಲವೇ ಎಂಬ ಇನ್ನೊಂದು ಮಾತಿಗೆ ಇದೇ ಲೆಕ್ಕದಲ್ಲಿ ಉತ್ತರವಿದೆ. ಗ್ರಂಥ ಇದನ್ನು 27994681 ಮತ್ತು 441ರ ಗುಣಲಬ್ಧವಾಗಿ ಕೊಡುತ್ತದೆ. 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆರು ಒಂದುಗಳ ವರ್ಗವನ್ನು ಮೊದಲು ಇಟ್ಟುಕೊಂಡು, ಅದನ್ನು ಒಡೆದು ಪ್ರಶ್ನೆ ಹೆಣೆದವರಿಗಷ್ಟೇ ಇಂಥ ಜೋಡಿ ಹೊಳೆದೀತು. ಹಾಗೆ ಹೆಣೆದವರು ಅವರೊಬ್ಬರೇ ಎನ್ನಲಾಗದು. ಹಿಂದಿನವರ ಸಾರ ಸಂಗ್ರಹಿಸಿದ್ದೇನೆಂದು ಗ್ರಂಥದ ಹೆಸರೇ ಒಪ್ಪಿಕೊಳ್ಳುತ್ತದೆ. 73ರ ಆಯ್ಕೆಯೂ ಅಷ್ಟೇ ಅಳೆದದ್ದು: ಎಂಟು ಒಂದುಗಳೆಂದರೆ 1111ರ 10001 ಪಟ್ಟು, ಆ 10001 ಒಡೆಯುವುದು 73 ಮತ್ತು 137 ಎಂದು ಮಾತ್ರ. 7ಕ್ಕಾದರೋ 1001ರಲ್ಲೇ ದಾರಿ ಸಿಗುತ್ತದೆ. 73 ಹಾಗೆ ಸುಲಭಕ್ಕೆ ಕೈಗೆ ಬರುವಂಥದ್ದಲ್ಲ.