ನಿಡಘಟ್ಟದಿಂದ ಹಲಗೂರಿಗೆ: ನೀಲಗಾರರ ಪಾಠಶಾಲೆ

ಮಂಡ್ಯ ಜಿಲ್ಲೆಯಲ್ಲಿ ಪೂಜೆ, ಮಂತ್ರ, ಶಾಸ್ತ್ರ ಕಲಿಸುವ ಜಾಗ ಯಾವುದು ಅಂದರೆ ಎಲ್ಲರೂ ಮೇಲುಕೋಟೆ ಕಡೆ ಕೈ ತೋರಿಸುತ್ತಾರೆ. ಅಲ್ಲಿನ ಸಂಸ್ಕೃತ ಪಾಠಶಾಲೆ 1854ರದ್ದು. ಆದರೆ ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಅದಕ್ಕಿಂತ ಹಳೆಯ ಇನ್ನೊಂದು ಧರ್ಮಪಾಠವಿದೆ. ಅದಕ್ಕೆ ಕಟ್ಟಡವಿಲ್ಲ, ಹಾಜರಿ ಪುಸ್ತಕವಿಲ್ಲ. ಮಂಟೇಸ್ವಾಮಿಯ ಒಕ್ಕಲಾದ ನೀಲಗಾರರದು ಅದು. ನಮ್ಮೂರ ಬಾಯಲ್ಲಿ ಅವರು ತಂಬೂರಿಯವರು.

ಕಾವ್ಯದ ಪ್ರಕಾರ ಮಂಟೇಸ್ವಾಮಿ ಕಲ್ಯಾಣದಲ್ಲಿ ಶರಣರನ್ನೇ ಪರೀಕ್ಷೆ ಮಾಡಿ ತೆಂಕಣಕ್ಕೆ ಬಂದವರು. ಅವರ ಗದ್ದಿಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ. ಕಾವ್ಯದ ದೊಡ್ಡ ಭಾಗವೊಂದು ಶಿಷ್ಯನೊಬ್ಬನನ್ನು ತಯಾರು ಮಾಡಿದ ಕಥೆಯೇ. ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ ಕಬ್ಬಿಣ ಕೆಲಸದ ಪಾಂಚಾಳರ ಮನೆ. ಮುದ್ದಮ್ಮನ ಕಿರಿಮಗ ಕೆಂಪಾಚಾರಿ. ಗುರು ಅವನನ್ನೇ ಕೇಳುತ್ತಾರೆ, ಹೆತ್ತವರು ಕೊಡಲೊಲ್ಲರು. ಕೊನೆಗೆ ಹುಡುಗ ದೀಕ್ಷೆ ಪಡೆದು ಸಿದ್ದಪ್ಪಾಜಿಯಾಗುತ್ತಾನೆ. ಆಮೇಲೆ ಅವನನ್ನು ಕಳಿಸುವುದು ಎಲ್ಲಿಗೆ? ಹಲಗೂರಿಗೆ, ತನ್ನದೇ ಕುಲದವರ ಮುಂದೆ ಕಬ್ಬಿಣದ ಭಿಕ್ಷೆ ಬೇಡಲು. ಅವರು ವಿಷ ಉಣಿಸುವುದೂ ಸೇರಿ ನಾನಾ ಪರೀಕ್ಷೆ ಒಡ್ಡುತ್ತಾರೆ. ಹುಟ್ಟಿದ ಜಾತಿಯ ಎದುರೇ ಜೋಳಿಗೆ ಚಾಚುವುದಕ್ಕಿಂತ ಕಷ್ಟದ ಪ್ರಾಯೋಗಿಕ ಪರೀಕ್ಷೆ ಯಾವ ಮಠದಲ್ಲೂ ಇರಲಾರದು ಅನ್ನಿಸುತ್ತದೆ ನನಗೆ.

ನೀಲಗಾರನ ಕಲಿಕೆಯೂ ಇದೇ ಜಾಡಿನದು. ಒಕ್ಕಲು ಮನೆಗಳಲ್ಲಿ ಮಗನೊಬ್ಬನನ್ನು ಗದ್ದಿಗೆಗೆ ಬಿಡುವ ಹರಕೆಯುಂಟು. ದೀಕ್ಷೆಯಾದರೆ ಕಪ್ಪು ಧೂಳ್ತ, ಜೋಳಿಗೆ, ಭಿಕ್ಷೆ. ಹಾಡಿಗೆ ಪುಸ್ತಕವಿಲ್ಲ. ಹುಡುಗ ಮೊದಲು ಹಿಮ್ಮೇಳದಲ್ಲಿ ಕೂತು ಸೊಲ್ಲು ಹಿಡಿಯಬೇಕು, ತಾಳ, ಡಕ್ಕೆ, ಗಗ್ಗರ ಪಳಗಬೇಕು. ತಂಬೂರಿ ಕೈಗೆ ಬರುವುದು ವರ್ಷಗಳ ಮೇಲೆ. ಇಡೀ ರಾತ್ರಿ ಕಂಬಳಿ ಹೊದ್ದು ಕೇಳುವ ಒಕ್ಕಲಿಗೂ ಅದೇ ಪಾಠ. ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆಯ ಪಂಕ್ತಿಸೇವೆಗೆ ಹೋದರೆ ಆ ಪಾಠದ ಅರ್ಥ ತಿಳಿಯುತ್ತದೆ: ಜಾತಿ ಕೇಳದೆ ಒಂದೇ ಸಾಲಲ್ಲಿ ಉಣ್ಣುವುದು, ಬಾಡೂಟವೂ ಸೇರಿ. ಪ್ರಾಣಿಬಲಿ ತಡೆಯ ಹೆಸರಿನಲ್ಲಿ ಈಚೆಗೆ ಆ ಊಟಕ್ಕೇ ಅಡ್ಡಿ ಬಂದಿದೆ.

ಮಠದ ಪೀಠ ಅರಸು ಮನೆತನದ ಕೈಯಲ್ಲಿದೆ. ಹಾಡುವವರಲ್ಲಿ ಬಹಳ ಮಂದಿ ದಲಿತರು.

1990ರ ದಶಕದಲ್ಲಿ ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈ ಕಾವ್ಯವನ್ನು ಅಚ್ಚಿಗೆ ತಂದಿತು. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್‌ಗಳು ಸಿದ್ದಪ್ಪಾಜಿಯನ್ನು ಟ್ರ್ಯಾಕ್ಟರ್, ಟೀ ಅಂಗಡಿಗೂ ತಲುಪಿಸಿದವು. ಒಳ್ಳೆಯದೇ. ಆದರೆ ಕ್ಯಾಸೆಟ್ ಕೇಳಿದವನಿಗೆ ದೀಕ್ಷೆಯಾಗುವುದಿಲ್ಲ.

ನನ್ನ ತಕರಾರು ಸರ್ಕಾರಿ ಕಾಗದದ ಬಗ್ಗೆ. ದೇವಸ್ಥಾನದ ಅರ್ಚಕರಿಗೆ ಆಗಮದಲ್ಲಿ ಪ್ರವರ, ಪ್ರವೀಣ ಪರೀಕ್ಷೆಗಳಿವೆ, ಮುಜರಾಯಿ ಇಲಾಖೆಯ ತಸ್ತೀಕಿದೆ. ಹರಕೆ ತೀರಿಸಲು ಮನೆಮನೆಗೆ ಕರೆಸಿಕೊಳ್ಳುವ ನೀಲಗಾರ ಮಾತ್ರ ಆ ಕಾಗದದಲ್ಲಿ ‘ಜಾನಪದ ಕಲಾವಿದ’. ವಯಸ್ಸಾದ ಮೇಲೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನಕ್ಕೆ ಅರ್ಜಿ ಹಾಕಬೇಕು.  ಯಾರ ಬಳಿ ಕಲಿತ, ಯಾರಿಗೆ ಕಲಿಸಿದ ಎಂಬುದೂ ಲೆಕ್ಕಕ್ಕೆ ಬರಬೇಕು ಅನ್ನುವುದು ನನ್ನ ಮಾತು.