ಹಳೆಯ ಸರಪಳಿ ಗರಗಸ: ಕೊಳ್ಳುವ ಮುನ್ನ ಒಂದಿಷ್ಟು ಚರಿತ್ರೆ

ಚಳಿಗಾಲದ ಗಾಳಿಮಳೆ ಶುರುವಾಯಿತೆಂದರೆ ನಮ್ಮ ಕೂಟದ ಸದಸ್ಯರಲ್ಲಿ, ಅದರಲ್ಲೂ ಸಾರಾಟೋಗ, ಲಾಸ್ ಗ್ಯಾಟೋಸ್, ಒರಿಂಡಾ ಮುಂತಾದ ಗುಡ್ಡದ ಊರುಗಳಲ್ಲಿ ಮನೆ ಮಾಡಿರುವವರಲ್ಲಿ, ಒಂದು ಮಾತು ಏಳುತ್ತದೆ: ಹಿತ್ತಲಲ್ಲಿ ಓಕ್ ಮರದ ಕೊಂಬೆ ಬಿದ್ದಿದೆ, ಕೊಯ್ಯುವುದು ಹೇಗೆ? ಬೇಸಿಗೆ ಬಂದರೆ ಇನ್ನೊಂದು ಚಿಂತೆ. ೧೯೯೧ರ ಅಕ್ಟೋಬರ್ ೨೦ರಂದು ಓಕ್‌ಲೆಂಡ್ ಗುಡ್ಡಗಳಲ್ಲಿ ಎದ್ದ ಬೆಂಕಿ ೨೫ ಜನರನ್ನು ಬಲಿ ತೆಗೆದುಕೊಂಡಿತು. ೨೦೨೦ರ ಆಗಸ್ಟಿನ ಕಾಳ್ಗಿಚ್ಚು ಬಿಗ್ ಬೇಸಿನ್ ಉದ್ಯಾನವನ್ನು ಬಹುಪಾಲು ಸುಟ್ಟಿತು. ಹಾಗಾಗಿ ಮನೆಯ ಸುತ್ತ ಒಣಗಿದ್ದನ್ನು ತೆಗೆಯುವುದು ಗುಡ್ಡದ ಮೇಲಿನವರಿಗೆ ಕಾನೂನಿನ ಕರ್ತವ್ಯವೂ ಹೌದು.

ಇಂಥ ಕೆಲಸಕ್ಕೆ ನೆನಪಾಗುವುದು ಸರಪಳಿ ಗರಗಸ, ಅಂದರೆ ಚೈನ್ ಸಾ. ಕ್ಯಾಲಿಫೋರ್ನಿಯಾ ರಾಜ್ಯ ೨೦೨೧ರಲ್ಲಿ ಮಾಡಿದ ಕಾನೂನಿನಂತೆ, ೨೦೨೪ನೆಯ ಮಾದರಿಯಿಂದ ಮುಂದಕ್ಕೆ ಬರುವ ಸಣ್ಣ ಎಂಜಿನ್ನುಗಳಲ್ಲಿ ಹೆಚ್ಚಿನವು ಹೊಗೆ ಬಿಡುವಂತಿಲ್ಲ. ೪೫ ಸಿ.ಸಿ.ಗಿಂತ ಚಿಕ್ಕ ಗರಗಸಗಳು ಈ ನಿಯಮದೊಳಗೆ ಬರುತ್ತವೆ. ಅದಕ್ಕಿಂತ ದೊಡ್ಡವು ಬರುವುದಿಲ್ಲ. ಈಗಾಗಲೇ ಇರುವ ಗರಗಸಗಳನ್ನು ಬಳಸುವುದಕ್ಕಾಗಲಿ ರಿಪೇರಿ ಮಾಡಿಕೊಳ್ಳುವುದಕ್ಕಾಗಲಿ ಅಡ್ಡಿಯಿಲ್ಲ. ಆದ್ದರಿಂದ ಗರಾಜ್ ಸೇಲುಗಳಲ್ಲೂ ಹಳೆ ಸಾಮಾನಿನ ಸಂತೆಗಳಲ್ಲೂ ಮೂವತ್ತು ನಲವತ್ತು ವರ್ಷದ ಗರಗಸಗಳನ್ನು ಎತ್ತಿ ನೋಡುವವರು ಇದ್ದೇ ಇದ್ದಾರೆ. ಅವರಿಗಾಗಿ ಈ ಲೇಖನ. ಬೆಲೆಗಿಂತ ಮೊದಲು ಕೇಳಬೇಕಾದದ್ದು ಗರಗಸ ಯಾವ ಕಾಲದ್ದು ಎಂಬುದನ್ನು. ಅದೇಕೆಂದು ತಿಳಿಯಲು ಇತಿಹಾಸವನ್ನೇ ನೋಡಬೇಕು.

ಈ ಯಂತ್ರದ ಕಥೆಗೂ ನಮ್ಮ ಕೊಲ್ಲಿ ಪ್ರದೇಶಕ್ಕೂ ಹತ್ತಿರದ ನಂಟಿದೆ. ರೆಡ್‌ವುಡ್ ಸಿಟಿ ಮರದ ದಿಮ್ಮಿಗಳನ್ನು ಹಡಗಿಗೇರಿಸುತ್ತಿದ್ದ ಬಂದರು; ಪಾಲೋ ಆಲ್ಟೋ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಎತ್ತರದ ಮರ. ೧೮೨೬ರಲ್ಲಿ ಈ ಕೊಲ್ಲಿಗೆ ಬಂದ ಬ್ರಿಟಿಷ್ ಕಪ್ತಾನ ಬೀಚಿ, ನೀರಿನಡಿಯ ಬಂಡೆಯೊಂದನ್ನು ತಪ್ಪಿಸಲು ಈಗಿನ ಓಕ್‌ಲೆಂಡಿನ ಗುಡ್ಡದ ಮೇಲಿದ್ದ ಎರಡು ಭಾರಿ ರೆಡ್‌ವುಡ್ ಮರಗಳನ್ನು ಗುರುತಾಗಿ ಇಟ್ಟುಕೊಳ್ಳುವಂತೆ ನಾವಿಕರಿಗೆ ತಿಳಿಸಿದ. ಹಡಗಿನಿಂದ ಕಾಣುತ್ತಿದ್ದ ಆ ಕಾಡು ೧೮೬೦ರ ಹೊತ್ತಿಗೆ ಬರಿಯ ಮೋಟುಗಳ ಬಯಲಾಗಿತ್ತು. ೧೮೪೯ರ ಚಿನ್ನದ ಹುಚ್ಚಿನಲ್ಲಿ ಬೆಳೆದು, ಮತ್ತೆ ಮತ್ತೆ ಸುಟ್ಟು, ಮತ್ತೆ ಕಟ್ಟಿಸಿಕೊಂಡ ಸ್ಯಾನ್‌ಫ್ರಾನ್ಸಿಸ್ಕೋ ನಗರ ಆ ಮರಗಳನ್ನು ನುಂಗಿತ್ತು.

ಇದೆಲ್ಲ ನಡೆದದ್ದು ಕೈಬಲದಿಂದ ಎಂಬುದನ್ನು ಗಮನಿಸಬೇಕು. ಮರದ ಬುಡ ಅಗಲವಾದ್ದರಿಂದ ಕಾಂಡದಲ್ಲಿ ಗೂಡು ಕೊರೆದು, ಹಲಗೆ ಸಿಕ್ಕಿಸಿ, ಅದರ ಮೇಲೆ ನಿಂತು ಇಬ್ಬರು ಆಳುಗಳು ಉದ್ದನೆಯ ಗರಗಸವನ್ನು ಎಳೆಯುತ್ತಿದ್ದರು. ನಮ್ಮ ಮಲೆನಾಡಿನಲ್ಲಿ ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ದಿಮ್ಮಿ ಕೊಯ್ಯುತ್ತಿದ್ದುದನ್ನು ಕಂಡವರಿಗೆ ಈ ಶ್ರಮವನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ದೊಡ್ಡ ಮರಕ್ಕೆ ದಿನಗಳೇ ಬೇಕಾಗುತ್ತಿದ್ದವು.

ಈ ಶ್ರಮವನ್ನು ಇಳಿಸುವ ಯೋಚನೆ ಇಲ್ಲೇ ಹುಟ್ಟಿತು. ಸ್ಯಾನ್‌ಫ್ರಾನ್ಸಿಸ್ಕೋ ನಗರದ ಸ್ಯಾಮ್ಯುಯೆಲ್ ಬೆನ್ಸ್ ಎಂಬಾತ ರೆಡ್‌ವುಡ್ ದೈತ್ಯರನ್ನು ಉರುಳಿಸಲೆಂದೇ ಕೊನೆಯಿಲ್ಲದೆ ಸುತ್ತುವ ಹಲ್ಲಿನ ಸರಪಳಿಯೊಂದನ್ನು ಯೋಜಿಸಿ, ೧೯೦೫ರ ಜನವರಿ ೧೭ರಂದು ಪೇಟೆಂಟ್ ಪಡೆದ. ಅದೇ ೧೯೦೫ರಲ್ಲಿ ವಿಲಿಯಂ ಕೆಂಟ್ ಎಂಬ ಗೃಹಸ್ಥರು ಉಳಿದಿದ್ದ ಒಂದು ಕಣಿವೆಯ ಕಾಡನ್ನು ೪೫,೦೦೦ ಡಾಲರಿಗೆ ಕೊಂಡರು; ಮುಂದೆ ಅದರ ಮುಖ್ಯ ಭಾಗವನ್ನು ಸರ್ಕಾರಕ್ಕೆ ದಾನ ಮಾಡಿದರು. ಊರಿನಿಂದ ಬಂದ ನೆಂಟರನ್ನು ನಾವೆಲ್ಲ ಕರೆದೊಯ್ಯುವ ಮ್ಯೂರ್ ವುಡ್ಸ್ ಅದೇ. ೧೯೦೮ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ಕೊಯ್ಯುವ ಯಂತ್ರದ ಪೇಟೆಂಟೂ ಉಳಿಸಿದ ಕಾಡಿನ ಖರೀದಿಯೂ ಒಂದೇ ವರ್ಷದವು!

ಆದರೆ ಹೊತ್ತು ಗುಡ್ಡ ಹತ್ತುವಷ್ಟು ಹಗುರವಾದ ಎಂಜಿನ್ ಆಗ ಇರಲಿಲ್ಲ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ೧೯೨೬ರಲ್ಲಿ ವಿದ್ಯುತ್ತಿನಿಂದ ನಡೆಯುವ ಗರಗಸ ಮಾಡಿದರು. ತೂಕ ೬೪ ಕಿಲೋ. ೧೯೨೯ರಲ್ಲಿ ಬಂದ ಪೆಟ್ರೋಲ್ ಗರಗಸ ೪೬ ಕಿಲೋ. ಹಿಡಿಯಲು ಇಬ್ಬರು ಬೇಕು. ಎರಡನೆಯ ಮಹಾಯುದ್ಧದ ನಂತರ ಅಲ್ಯುಮಿನಿಯಂ, ಮೆಗ್ನೀಸಿಯಂ ಎರಕಗಳು ಸುಲಭವಾದಾಗ ಯಂತ್ರ ಒಬ್ಬನ ಕೈಗೆ ಬಂತು. ಲಾಸ್ ಏಂಜಲಿಸಿನ ಮೆಕಲಕ್ ಕಂಪನಿ ೧೯೪೯ರಲ್ಲಿ ತಂದ ಗರಗಸದ ತೂಕ ೨೫ ಪೌಂಡು. (ಇದೇ ಮೆಕಲಕ್ ಮಹಾಶಯರು ೧೯೬೮ರಲ್ಲಿ ಲಂಡನ್ ಸೇತುವೆಯನ್ನೇ ಕೊಂಡು, ಕಲ್ಲು ಕಲ್ಲಾಗಿ ಬಿಚ್ಚಿ ತಂದು ಅರಿಜೋನಾದಲ್ಲಿ ನಿಲ್ಲಿಸಿದರು.) ಹಿಂದಿನ ಕಾರ್ಬ್ಯುರೇಟರಿನಲ್ಲಿ ತೇಲುಬುರುಡೆ ಇದ್ದುದರಿಂದ ಎಂಜಿನ್ ನೆಟ್ಟಗೇ ಇರಬೇಕಿತ್ತು. ಅದರ ಬದಲು ತೆಳು ರಬ್ಬರ್ ಪೊರೆಯ ಕಾರ್ಬ್ಯುರೇಟರ್ ಬಳಕೆಗೆ ಬಂದ ಮೇಲೆ ಗರಗಸವನ್ನು ಅಡ್ಡ ಹಿಡಿದರೂ ಓಡತೊಡಗಿತು.

ಉಳಿದಿದ್ದ ತೊಡಕು ಹಲ್ಲಿನದು. ಹಳೆಯ ಸರಪಳಿ ಕೈಗರಗಸದ ಹಲ್ಲುಗಳನ್ನೇ ನಕಲು ಮಾಡಿತ್ತು. ಬೇಗ ಮೊಂಡಾಗುತ್ತಿತ್ತು, ಪುಡಿಯಿಂದ ಕಟ್ಟಿಕೊಳ್ಳುತ್ತಿತ್ತು. ಆರೆಗಾನ್ ರಾಜ್ಯದ ಮರಕಡಿಯುವ ಕೆಲಸಗಾರ ಜೋ ಕಾಕ್ಸ್ ೧೯೪೬ರಲ್ಲಿ ಒಂದು ಮೋಟಿನಲ್ಲಿ ಜೀರುಂಡೆಯ ಹುಳು ಮರವನ್ನು ಕೊರೆಯುವುದನ್ನು ನೋಡಿದ. ಆ ಹುಳು ಎಡಬಲದ ಎರಡು ದವಡೆಗಳಿಂದ ಮರದ ಎಳೆಯ ಗುಂಟವೂ ಅಡ್ಡವೂ ಸರಾಗವಾಗಿ ಕೊರೆಯುತ್ತಿತ್ತು. ಅದೇ ರೂಪದ ಹಲ್ಲನ್ನು ಎಡಕ್ಕೊಂದು ಬಲಕ್ಕೊಂದು ಜೋಡಿಸಿ ೧೯೪೭ರಲ್ಲಿ ಪೋರ್ಟ್‌ಲೆಂಡಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಸರಪಳಿ ತಯಾರಿಸತೊಡಗಿದ. ಇಂದಿನ ಸರಪಳಿಗಳೆಲ್ಲ ಅದರ ಸಂತತಿಯೇ.

ಹೀಗೆ ೧೯೫೦ರ ದಶಕಕ್ಕೆ ಗರಗಸ ಕೊಯ್ಯುವುದನ್ನು ಚೆನ್ನಾಗಿ ಕಲಿತಿತ್ತು. ಹಿಡಿದವನನ್ನು ಕಾಯುವುದನ್ನು ಮಾತ್ರ ಕಲಿತಿರಲಿಲ್ಲ. ಎಂಜಿನ್ನಿನ ನಡುಕದಿಂದ ಕೆಲಸಗಾರರ ಬೆರಳುಗಳಲ್ಲಿ ರಕ್ತ ಓಡಾಡದೆ ಬಿಳಿಚಿ, ಮರಗಟ್ಟುತ್ತಿದ್ದವು. ಪಟ್ಟಿಯ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಇಡೀ ಗರಗಸ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆಗೆ ಚಿಮ್ಮುತ್ತಿತ್ತು. ನಡುಕವನ್ನು ತಡೆಯುವ ರಬ್ಬರ್ ಜೋಡಣೆ ಬಂದದ್ದು ೧೯೬೦ರ ದಶಕದಲ್ಲಿ. ಚಿಮ್ಮಿದೊಡನೆ ಸರಪಳಿಯನ್ನು ನಿಲ್ಲಿಸುವ ಬ್ರೇಕು ೧೯೭೦ರ ದಶಕದ ಆರಂಭದಲ್ಲಿ. ಹಲ್ಲು ಚೂಪಾಗಿ ಕಾಲು ಶತಮಾನ ಕಳೆದ ಮೇಲೆ! ಆದ್ದರಿಂದಲೇ ಗರಗಸದ ಕಾಲ ಮುಖ್ಯವೆಂದು ನಾವು ಹೇಳಿದ್ದು.

ಇನ್ನು ಕೊಳ್ಳುವ ವಿಚಾರ. ಮೊದಲು ಮುಂದಿನ ಹಿಡಿಯ ಎದುರಿಗಿರುವ ಕೈಗಾಪನ್ನು ಮುಂದಕ್ಕೆ ತಳ್ಳಿ. ಟಕ್ಕೆಂದು ಬಿದ್ದು, ಸರಪಳಿ ಕೈಯಿಂದ ಎಳೆದರೂ ಕದಲದಿದ್ದರೆ ಬ್ರೇಕು ಹಿಡಿಯುತ್ತಿದೆ ಎಂದರ್ಥ. (ಚರ್ಮದ ಕೈಚೀಲ ಹಾಕಿಕೊಂಡು, ಎಂಜಿನ್ ನಿಂತಿರುವಾಗ ಮಾತ್ರ ಈ ಪರೀಕ್ಷೆ.) ಬ್ರೇಕೇ ಇಲ್ಲದ ಹಳದಿ ಬಣ್ಣದ ಹಳೆಯ ಮೆಕಲಕ್ ಎಷ್ಟೇ ಅಂದವಾಗಿರಲಿ, ಹತ್ತು ಡಾಲರಿಗೆ ಸಿಗಲಿ, ಅದರ ಸ್ಥಾನ ಕಪಾಟಿನ ಮೇಲೆ.

ಎರಡನೆಯದು ಎಂಜಿನ್ನಿನ ಎದೆ. ಸೈಲೆನ್ಸರನ್ನು ಬಿಚ್ಚಿ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಹೊಳಪಾಗಿದ್ದರೆ ಸರಿ, ಉದ್ದುದ್ದ ಗೀರುಗಳಿದ್ದರೆ ಎಣ್ಣೆ ಬೆರೆಸದ ಪೆಟ್ರೋಲಿನಲ್ಲಿ ಯಾರೋ ಓಡಿಸಿರಬಹುದು. ಈ ಎಂಜಿನ್ನುಗಳಿಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲ. ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯೇ ಅವುಗಳ ಜೀವ. ಗೀರು ಬಿದ್ದದ್ದನ್ನು ಕೊಳ್ಳಬೇಡಿ.

ಮೂರನೆಯದು ನಮ್ಮ ರಸಾಯನಶಾಸ್ತ್ರಕ್ಕೆ ಸೇರಿದ್ದು. ಕ್ಯಾಲಿಫೋರ್ನಿಯಾದಲ್ಲಿ ಪೆಟ್ರೋಲಿಗೆ ಬೆರೆಸುತ್ತಿದ್ದ ಎಂ.ಟಿ.ಬಿ.ಇ. ಎಂಬ ದ್ರವ ಅಂತರ್ಜಲಕ್ಕೆ ಇಳಿಯುತ್ತಿದ್ದುದರಿಂದ ೨೦೦೪ರ ಹೊತ್ತಿಗೆ ಅದನ್ನು ಕೈಬಿಟ್ಟು ಎಥನಾಲ್ ಬೆರೆಸತೊಡಗಿದರು. ಸಾಮಾನ್ಯವಾಗಿ ಶೇಕಡಾ ೧೦. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ತೊಟ್ಟಿಯಲ್ಲಿ ನಿಂತರೆ ನೀರು ಬೇರ್ಪಟ್ಟು ತಳಕ್ಕಿಳಿದು ಲೋಹವನ್ನು ತಿನ್ನುತ್ತದೆ. ಹಳೆಯ ಕಾಲದ ರಬ್ಬರ್ ಕೊಳವೆಗಳು ಊದಿ ಬಿರಿಯುತ್ತವೆ, ಕಾರ್ಬ್ಯುರೇಟರಿನ ಪೊರೆ ಬಿರುಸಾಗುತ್ತದೆ. ಸ್ಟಾರ್ಟ್ ಆಗುವುದಿಲ್ಲವೆಂದು ಮಾರಾಟಕ್ಕಿಟ್ಟ ಎಷ್ಟೋ ಗರಗಸಗಳ ರೋಗ ಇಷ್ಟೇ. ಪೊರೆಗಳ ಕಿಟ್, ಕೊಳವೆ, ಶೋಧಕ, ಸ್ಪಾರ್ಕ್ ಪ್ಲಗ್ ಬದಲಾಯಿಸಿದರೆ ಮತ್ತೆ ಎದ್ದು ಕೂರುತ್ತವೆ. ರಿಪೇರಿಯಾದ ಮೇಲೆ ಎಥನಾಲ್ ಇಲ್ಲದ ಡಬ್ಬಿ ಪೆಟ್ರೋಲ್ ಬಳಸುವುದು, ಕೆಲಸ ಮುಗಿದೊಡನೆ ತೊಟ್ಟಿ ಬರಿದುಮಾಡುವುದು ಲೇಸು.

ಕೊನೆಗೆ ಸರಪಳಿ. ಕೊಯ್ಯುವಾಗ ಹೊಟ್ಟಿನಂಥ ಪುಡಿ ಬಿದ್ದರೆ ಹಲ್ಲು ಮೊಂಡು. ಚಕ್ಕೆ ಬಿದ್ದರೆ ಚೂಪು. ಸರಿಯಾದ ಅಳತೆಯ ದುಂಡು ಅರದಿಂದ ಪ್ರತಿ ಹಲ್ಲನ್ನೂ ಒಂದೇ ಕೋನದಲ್ಲಿ ಉಜ್ಜಬೇಕು. ಸೈಲೆನ್ಸರಿನಲ್ಲಿ ಕಿಡಿ ತಡೆಯುವ ಜಾಲರಿ ಇದೆಯೇ ನೋಡಿ. ಒಣಹುಲ್ಲಿನ ಗುಡ್ಡದಲ್ಲಿ ಅದಿಲ್ಲದೆ ಓಡಿಸುವುದು ಕಾನೂನಿಗೂ ವಿರುದ್ಧ, ನೆರೆಹೊರೆಯವರಿಗೂ ಅಪಾಯ. ಕಾಲಿಗೆ ರಕ್ಷಾಕವಚ, ತಲೆಗೆ ಹೆಲ್ಮೆಟ್, ಕಣ್ಣಿಗೂ ಕಿವಿಗೂ ಮರೆ ಇಲ್ಲದೆ ಹಗ್ಗ ಎಳೆಯಬಾರದು. ಬಿದ್ದ ಕೊಂಬೆ ನಮ್ಮ ಕೆಲಸ. ನಿಂತ ಮರ ಪರಿಣತರ ಕೆಲಸ. ವರ್ಷಕ್ಕೆರಡು ಬಾರಿ ಕೈಮಂದದ ಕೊಂಬೆ ತುಂಡರಿಸುವವರಿಗೆ ಬ್ಯಾಟರಿ ಗರಗಸವೇ ಸಾಕು, ಅಕ್ಕಪಕ್ಕದವರ ನಿದ್ದೆಯೂ ಉಳಿಯುತ್ತದೆ.

ನಿಂತ ಮರದ ಮಾತು ಬಂದಿತಲ್ಲ, ಒಂದು ಸಂಗತಿಯನ್ನು ಹೇಳಲೇಬೇಕು. ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು. ಅದು ಅಪ್ಪಿಕೊ ಚಳವಳಿಯಾಯಿತು. ಇಲ್ಲಿ ರೆಡ್‌ವುಡ್ ರಕ್ಷಣೆಯ ಸಂಘ ೧೯೧೮ರಲ್ಲೇ ಹುಟ್ಟಿತು. ಆದರೂ ಕರಾವಳಿಯ ಮೂಲ ರೆಡ್‌ವುಡ್ ಕಾಡಿನಲ್ಲಿ ಇಂದು ಉಳಿದಿರುವುದು ಶೇಕಡಾ ೫ರಷ್ಟು ಮಾತ್ರ. ಇಲ್ಲಿಯ ಅನೇಕ ನಗರಗಳಲ್ಲಿ ದೊಡ್ಡ ಓಕ್, ರೆಡ್‌ವುಡ್ ಮರಗಳನ್ನು ಸ್ವಂತ ಹಿತ್ತಲಲ್ಲಿದ್ದರೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಇಬ್ಬರು ಆಳುಗಳು ದಿನಗಟ್ಟಲೆ ಎಳೆಯಬೇಕಾಗಿದ್ದಾಗ ಮನಸ್ಸು ಬದಲಾಯಿಸಲು ಸಮಯವಿರುತ್ತಿತ್ತು. ಸರಪಳಿ ಗರಗಸ ಆ ಸಮಯವನ್ನು ಉಳಿಸಿಲ್ಲ. ಹಾಗಾಗಿ ಯೋಚನೆಯನ್ನು ಹಗ್ಗ ಎಳೆಯುವ ಮೊದಲೇ ಮಾಡಿ ಮುಗಿಸಬೇಕು.